ಒಳಗೆ ಹೋಯಿತೆಂದರೆ ಹೊಂದಿತೆಂದಲ್ಲ

ಅಳಿಯಾ, ನೀನು ಬೆಂಗಳೂರಿನಿಂದ ವಾಟ್ಸಾಪಿಗೆ ಹಾಕಿದ ಫೋಟೋ ನೋಡಿದೆ. 1969ರ ಡಾಜ್ ಚಾರ್ಜರ್‌ನಿಂದ ಬಿಚ್ಚಿದ ಸ್ಟೇರಿಂಗ್ ಷಾಫ್ಟು ಒಂದು ಕಡೆ, ಅದೇ ಜಾತಿಯ ಇನ್ನೊಂದು ಕಾರಿನದು ಅಂತ ಯಾರೋ ತರಿಸಿಕೊಟ್ಟ ಷಾಫ್ಟು ಇನ್ನೊಂದು ಕಡೆ. "ಮಾವಾ, ಮೇಲೆ ಚಕ್ರ ಸರಿಯಾಗಿ ಕೂರುತ್ತೆ, ಉದ್ದ ಮಾತ್ರ ಕಡಿಮೆ. ತುಂಡು ಸೇರಿಸಿ ವೆಲ್ಡ್ ಮಾಡಿಸಲಾ? ಓನರ್ ಅವಸರ ಮಾಡ್ತಿದ್ದಾರೆ" ಅಂತ ಕೇಳಿದ್ದೀಯ.

ಬೇಡ. ಉತ್ತರ ಇಷ್ಟೇ. ಆದರೆ ಇವತ್ತು ಚಾರ್ಜರ್ ಬಂದಿದೆ, ನಾಳೆ ಕಮಾರೊ ಬರುತ್ತದೆ, ನಾಡಿದ್ದು ಮಸ್ಟಾಂಗ್ ಬರುತ್ತದೆ, ಪ್ರತಿ ಸಲವೂ ಇದೇ ಪ್ರಶ್ನೆ ಬೇರೆ ಅಂಗಿ ಹಾಕಿಕೊಂಡು ನಿನ್ನ ಮುಂದೆ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಚಹಾ ಕುಡಿಯುವ ಹೊತ್ತಿನಲ್ಲಿ ಓದು.

ತೆಕ್ಕಲಕೋಟೆಯ ಗ್ಯಾರೇಜಿನವನಿಗೆ ಅಮೆರಿಕದ ಮಸಲ್ ಕಾರಿನ ವಿಷಯ ಏನು ಗೊತ್ತು ಅಂತ ನಿನ್ನ ಜೊತೆಯ ಹುಡುಗರು ನಗಬಹುದು, ನಗಲಿ. ನಮ್ಮ ಕಡೆ ಓಡಿದ ಜೀಪು ಎಲ್ಲಿಯದು? ಸ್ವಾತಂತ್ರ್ಯದ ಹೊತ್ತಿನಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದ್ದು ಅಮೆರಿಕದ ವಿಲ್ಲಿಸ್ ಜೀಪನ್ನೇ. ಗದ್ದೆಯ ಕೆಸರಿನಿಂದ ಎದ್ದು ಬಂದ ಆ ಜೀಪಿನ ಸ್ಟೇರಿಂಗ್ ಬಿಚ್ಚಿದವನಿಗೆ ಮಸ್ಟಾಂಗ್ ಪೂರ್ತಿ ಅಪರಿಚಿತವೇನಲ್ಲ.

ಜೀಪಿನಲ್ಲಿ ನೀನೇ ನೋಡಿದ್ದೀಯ. ರಾಸ್ ಮಾದರಿಯ ಕ್ಯಾಮ್ ಮತ್ತು ಲಿವರ್ ಸ್ಟೇರಿಂಗ್. ಕೆಳಗೆ ಸ್ಟೇರಿಂಗ್ ಬಾಕ್ಸಿನೊಳಗಿರುವ ಕ್ಯಾಮಿಗೂ ಮೇಲೆ ಕೈಯಲ್ಲಿ ಹಿಡಿಯುವ ಚಕ್ರಕ್ಕೂ ನಡುವೆ ಜಾಯಿಂಟೇ ಇಲ್ಲ, ಒಂದೇ ಉದ್ದನೆಯ ಷಾಫ್ಟು. ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಹಾರ್ನಿನ ವೈರು. 1965, 66ರ ಮಸ್ಟಾಂಗ್ ಬಂದರೆ ಬಾನೆಟ್ ಎತ್ತಿ ನೋಡು, ಅಲ್ಲಿಯೂ ಅದೇ ಕಥೆ. ಷಾಫ್ಟು ಬಾಕ್ಸಿನ ವರ್ಮ್ ಜೊತೆಗೇ ಒಂದಾಗಿ ಬಂದಿರುತ್ತದೆ. "ಷಾಫ್ಟ್ ಮಾತ್ರ ಬದಲಿಸಿ ಕೊಡಿ" ಅಂತ ಓನರ್ ಹೇಳಿದರೆ, ಬಾಕ್ಸ್ ಬಿಚ್ಚದೆ ಆ ಕೆಲಸ ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡು. 1968ರ ಮಸ್ಟಾಂಗ್‌ನಲ್ಲಿ ಆ ಸಂಸಾರ ಒಡೆದಿದೆ. ಬಾಕ್ಸಿನಿಂದ ಒಂದು ಗಿಡ್ಡ ಮೂತಿ ಹೊರಗೆ ಬಂದಿರುತ್ತದೆ, ಷಾಫ್ಟು ಬೇರೆ, ನಡುವೆ ರಬ್ಬರ್ ಬಿಲ್ಲೆಯ ಜಾಯಿಂಟು. ಹೊರಗಿನ ಬಾಡಿ ನೋಡಿದರೆ ಅಣ್ಣ ತಮ್ಮಂದಿರು, ಸ್ಟೇರಿಂಗಿನ ಮಟ್ಟಿಗೆ ನೆಂಟಸ್ತಿಕೆಯೂ ಇಲ್ಲ.

ಯಾಕೆ ಒಡೆದರು ಅನ್ನುವುದು ಗೊತ್ತಿರಲಿ, ಯಾಕೆಂದರೆ ನಿನ್ನ ವೆಲ್ಡಿಂಗ್ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇದೆ. ಒಂದೇ ತುಂಡಿನ ಷಾಫ್ಟು ಇರುವ ಗಾಡಿ ಮುಂದಿನಿಂದ ಗುದ್ದಿದರೆ ಬಾಕ್ಸು ಹಿಂದಕ್ಕೆ ಬರುತ್ತದೆ. ಬಾಕ್ಸು ಹಿಂದೆ ಬಂದರೆ ಷಾಫ್ಟು ಹಿಂದೆ ಬರುತ್ತದೆ. ಷಾಫ್ಟಿನ ಎದುರಿಗೆ ಇರುವುದು ಡ್ರೈವರನ ಎದೆ. ಹೀಗೆ ಸತ್ತವರಿಗೆ ಲೆಕ್ಕವಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಅಂತ ಒಬ್ಬ ವಕೀಲ ಅಮೆರಿಕದ ಕಾರು ಕಂಪನಿಗಳ ಮೇಲೆ ಪುಸ್ತಕ ಬರೆದು ಹಿಡಿದು ಜಾಡಿಸಿದ. ಗಾಡಿ ಗುದ್ದುವುದು ಒಂದು, ಆಮೇಲೆ ಒಳಗಿದ್ದವನು ಗಾಡಿಯ ಒಳಭಾಗಕ್ಕೇ ಗುದ್ದುವುದು ಇನ್ನೊಂದು, ಕೊಲ್ಲುವುದು ಈ ಎರಡನೆಯದು ಅನ್ನುವ ಮಾತನ್ನು ಅದರಲ್ಲಿ ಬಿಡಿಸಿ ಇಟ್ಟಿದ್ದ. ಜನರಲ್ ಮೋಟರ್ಸ್‌ನವರು 1967ರ ಮಾಡೆಲ್‌ಗಳಿಂದ ಕುಸಿಯುವ ಸ್ಟೇರಿಂಗ್ ಕಾಲಮ್ ಹಾಕಲು ಶುರು ಮಾಡಿದರು. 1968ರ ಜನವರಿ 1ರಿಂದ ಅಲ್ಲಿಯ ಸರ್ಕಾರವೇ ಕಾಯಿದೆ ಮಾಡಿತು: ಗುದ್ದಿದಾಗ ಸ್ಟೇರಿಂಗ್ ಹಿಂದಕ್ಕೆ ನುಗ್ಗಬಾರದು, ಡ್ರೈವರ್ ಅದರ ಮೇಲೆ ಬಿದ್ದರೆ ಅದು ಕುಸಿದು ಏಟು ತಿನ್ನಬೇಕು.

ಆ ಕಾಲಮ್ಮಿನ ಒಳಗೆ ಏನಿದೆ ನೋಡು. ಷಾಫ್ಟು ಎರಡು ತುಂಡು, ಒಂದರೊಳಗೆ ಒಂದು, ಮಡಿಸುವ ಕೊಡೆಯ ಕಡ್ಡಿಯ ಹಾಗೆ. ಅವು ಸುಮ್ಮನೆ ಜಾರಬಾರದಲ್ಲ, ಅದಕ್ಕೆ ತೂತಿನೊಳಗೆ ಪ್ಲಾಸ್ಟಿಕ್ ಕರಗಿಸಿ ಬಿಟ್ಟು ಗೂಟ ಮಾಡಿದ್ದಾರೆ. ದಿನನಿತ್ಯ ತಿರುಗಿಸಲು ಆ ಗೂಟ ಅಡ್ಡಿಯಿಲ್ಲ, ಉದ್ದುದ್ದಕ್ಕೆ ಜೋರಾಗಿ ಒತ್ತು ಬಿದ್ದರೆ ಕತ್ತರಿಸಿ ಹೋಗುತ್ತದೆ, ಷಾಫ್ಟು ಗಿಡ್ಡವಾಗುತ್ತದೆ. ಹೊರಗಿನ ಕೊಳವೆಯಲ್ಲಿ, 67, 68ರ ಜನರಲ್ ಮೋಟರ್ಸ್ ಕಾರುಗಳಲ್ಲಿ, ಒಂದು ಭಾಗ ಜಾಲರಿಯ ಹಾಗೆ ಕೊರೆದಿರುತ್ತದೆ. ಅದು ಕುಸಿಯಲಿಕ್ಕೆಂದೇ ಮಾಡಿದ ಜಾಗ. ಅದನ್ನು ನೋಡಿ ತುಕ್ಕು ತಿಂದಿದೆ ಅಂದುಕೊಂಡು ಪಟ್ಟಿ ಸುತ್ತಿ ವೆಲ್ಡ್ ಮಾಡುವ ಬುದ್ಧಿವಂತರು ಇದ್ದಾರೆ.

ಈಗ ನಿನ್ನ ಚಾರ್ಜರ್ ಷಾಫ್ಟಿಗೆ ತುಂಡು ಸೇರಿಸಿ ವೆಲ್ಡ್ ಮಾಡಿದರೆ ಏನಾಗುತ್ತದೆ? ಬೆಂಕಿಯ ಬಿಸಿಗೆ ಪ್ಲಾಸ್ಟಿಕ್ ಗೂಟ ಕರಗಬಹುದು. ಬೆಸುಗೆಯ ಪಕ್ಕದ ಉಕ್ಕು ಗಡುಸಾಗಿ ಒಂದು ದಿನ ಬಿರುಕು ಬಿಡಬಹುದು. ಎರಡೂ ಆಗದೆ ಗಟ್ಟಿಯಾಗಿಯೇ ನಿಂತರೂ, ಲೆಕ್ಕ ಹಾಕಿ ಮಾಡಿದ ಕುಸಿತ ಕೆಟ್ಟಿರುತ್ತದೆ. ಕಂಪನಿಯವರು ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಡ್ರೈವರನ ಎದೆ ಉಳಿಸಲು ಮಾಡಿದ್ದನ್ನು ನಾವು ಒಂದು ಮಧ್ಯಾಹ್ನದಲ್ಲಿ ಅಳಿಸಿ ಹಾಕಿದ ಹಾಗೆ. ಟ್ರೇಲರಿನ ಕೊಂಡಿ ವೆಲ್ಡ್ ಮಾಡು, ನೇಗಿಲು ವೆಲ್ಡ್ ಮಾಡು, ರೈಸ್ ಮಿಲ್ಲಿನ ಎಲಿವೇಟರ್ ಬಕೆಟ್ ವೆಲ್ಡ್ ಮಾಡು. ಸ್ಟೇರಿಂಗ್ ಷಾಫ್ಟಿನ ಹತ್ತಿರ ಆ ವೆಲ್ಡಿಂಗ್ ಹೋಲ್ಡರ್ ತರಬೇಡ.

ಇನ್ನು, ಷಾಫ್ಟು ಯಾಕೆ ಗಿಡ್ಡ ಅಂತ ನೀನು ಕೇಳಲೇ ಇಲ್ಲ, ಉದ್ದ ಹೇಗೆ ಮಾಡುವುದು ಅಂತ ಮಾತ್ರ ಕೇಳಿದೆ. ಅಲ್ಲಿಯೇ ನನಗೆ ಬೇಸರ. ಉದ್ದ ಕಡಿಮೆ ಇದ್ದರೆ ಆ ವಸ್ತು ನಿನಗೆ ಏನೋ ಹೇಳುತ್ತಿದೆ. ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ, ಅಂದರೆ ಡಾಜ್, ಪ್ಲೈಮೌತ್‌ಗಳಲ್ಲಿ, ಪವರ್ ಸ್ಟೇರಿಂಗಿನ ಬಾಕ್ಸು ದೊಡ್ಡದು, ಹೆಚ್ಚು ಜಾಗ ತಿನ್ನುತ್ತದೆ. ಅದಕ್ಕೆ ತಕ್ಕಂತೆ ಅದರ ಕಾಲಮ್ಮು, ಷಾಫ್ಟು ಗಿಡ್ಡ. ಮ್ಯಾನ್ಯುವಲ್ ಬಾಕ್ಸು ಚಿಕ್ಕದು, ಅದರ ಷಾಫ್ಟು ಉದ್ದ. ನಿನ್ನ ಚಾರ್ಜರ್ ಮ್ಯಾನ್ಯುವಲ್, ನಿನಗೆ ಕೊಟ್ಟಿದ್ದು ಪವರ್ ಕಾರಿನದು. ಷಾಫ್ಟಿನಲ್ಲಿ ದೋಷವೇ ಇಲ್ಲ, ಬಂದ ಮನೆ ತಪ್ಪು, ಅಷ್ಟೇ.

ಪವರ್ ಸ್ಟೇರಿಂಗ್ ಅಂದ ಕೂಡಲೇ ಎಲ್ಲ ಕಂಪನಿಯದೂ ಒಂದೇ ಅಂದುಕೊಳ್ಳಬೇಡ. ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡರಲ್ಲೂ ಆಯಿಲ್ ಒತ್ತಡದ ಕೆಲಸ ಬಾಕ್ಸಿನೊಳಗೇ ನಡೆಯುತ್ತದೆ. ಅರವತ್ತರ ದಶಕದ ಮಸ್ಟಾಂಗ್‌ನಲ್ಲಿ ಬಾಕ್ಸು ಸಾದಾ, ಕೆಳಗೆ ಲಿಂಕೇಜಿಗೆ ಒಂದು ಕಂಟ್ರೋಲ್ ವಾಲ್ವು, ಒಂದು ಸಿಲಿಂಡರು ಹಾಕಿ ಅಲ್ಲಿಂದ ತಳ್ಳಿಸುತ್ತಾರೆ. ಹಾಗಾಗಿ ಒಂದು ಕಂಪನಿಯಲ್ಲಿ ಪವರ್ ಹಾಕಿಸಿದರೆ ಷಾಫ್ಟಿನ ಅಳತೆಯೇ ಬದಲಾಗುತ್ತದೆ, ಇನ್ನೊಂದರಲ್ಲಿ ಬದಲಾವಣೆ ಕಾರಿನ ಅಡಿಯಲ್ಲಿ ಆಗುತ್ತದೆ. ಷಾಫ್ಟಿನ ಕೆಳತುದಿಯೂ ಬೇರೆ ಬೇರೆ. ಜನರಲ್ ಮೋಟರ್ಸ್‌ನಲ್ಲಿ ರಬ್ಬರ್ ಬಿಲ್ಲೆ. ಕ್ರೈಸ್ಲರ್‌ನಲ್ಲಿ ಒಂದು ಉಕ್ಕಿನ ಬಟ್ಟಲು, ಷಾಫ್ಟಿನ ತುದಿಯಲ್ಲಿ ಅಡ್ಡ ಪಿನ್ನು, ಪಿನ್ನಿನ ಎರಡೂ ಕಡೆ ಚಿಕ್ಕ ಶೂಗಳು, ಅವು ಬಟ್ಟಲಿನೊಳಗೆ ಜಾರುತ್ತವೆ. ಚಾರ್ಜರ್ ಸ್ಟೇರಿಂಗಿನಲ್ಲಿ ಆಟ ಇದೆ ಅಂತ ಓನರ್ ಹೇಳಿದ್ದು ಆ ಶೂ ಸವೆದದ್ದಕ್ಕೇ ಇರಬಹುದು. ಷಾಫ್ಟು ಬಿಸಾಕುವ ಮುಂಚೆ ಅದನ್ನು ಬಿಚ್ಚಿ ನೋಡಿದ್ದೀಯಾ?

ಹಲ್ಲಿನ ವಿಷಯಕ್ಕೆ ಬರೋಣ, ಇದರಲ್ಲಿ ತಡ ಮಾಡಿದರೂ ಚಿಂತೆಯಿಲ್ಲ. ಸ್ಪ್ಲೈನ್ ಷಾಫ್ಟನ್ನು, ಅಂದರೆ ತುದಿಯಲ್ಲಿ ಹಲ್ಲು ಕೊರೆದ ಷಾಫ್ಟನ್ನು, ಕಣ್ಣಳತೆಯಲ್ಲಿ ತರುವವನು ಮೇಸ್ತ್ರಿಯಲ್ಲ. ಅಮೆರಿಕದ ಕಾರುಗಳಲ್ಲಿ ಮುಕ್ಕಾಲು ಇಂಚಿನ ಷಾಫ್ಟಿಗೆ 30 ಹಲ್ಲೂ ಇರುತ್ತದೆ, 36 ಹಲ್ಲೂ ಇರುತ್ತದೆ. ಇಂಚಿನ ಹದಿನಾರರಲ್ಲಿ ಹದಿಮೂರು ಪಾಲಿನ ದಪ್ಪಕ್ಕೆ 36 ಹಲ್ಲು. ಒಂದು ಇಂಚಿಗೆ 48 ಹಲ್ಲು. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್, ಹದಿಮೂರು ಪಾಲು ಅಂದರೆ 20.64. ನಡುವಿನ ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಗ್ರೀಸು ಮೆತ್ತಿದ ಷಾಫ್ಟಿನಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಆ ಒಂದೂವರೆ ಮಿಲಿಮೀಟರ್ ಕಣ್ಣಿಗೆ ಬೀಳುವುದಿಲ್ಲ, ವರ್ನಿಯರ್‌ಗೆ ಬೀಳುತ್ತದೆ. ನಮ್ಮ ಇಪ್ಪತ್ತು ಮಿಲಿಮೀಟರ್ ಸರಳು ಇವೆರಡರ ನಡುವೆ ಕೂತು ಇನ್ನಷ್ಟು ಮೋಸ ಮಾಡುತ್ತದೆ.

ಎಣಿಸುವುದು ಹೀಗೆ. ಮೊದಲು ಡೀಸೆಲ್‌ನಲ್ಲಿ ಅದ್ದಿ ತಂತಿ ಬ್ರಷ್ಷಿನಿಂದ ಹಲ್ಲಿನ ಸಂದಿ ಸ್ವಚ್ಛ ಮಾಡು. ಒಂದು ಹಲ್ಲಿನ ತಲೆಗೆ ಉಗುರುಬಣ್ಣದ ಚುಕ್ಕೆ ಇಡು, ಚಾಕ್‌ಪೀಸು ಬೇಡ, ಅದು ಅಳಿಸುತ್ತದೆ. ಆಮೇಲೆ ಸೂಜಿಯ ಮೊನೆಯನ್ನು ಒಂದೊಂದೇ ಸಂದಿಗೆ ಇಳಿಸುತ್ತಾ ಚುಕ್ಕೆಗೆ ವಾಪಸ್ಸು ಬಾ. ಅಷ್ಟು ತಾಳ್ಮೆಯಿಲ್ಲದಿದ್ದರೆ ಷಾಫ್ಟಿಗೆ ತೆಳ್ಳಗೆ ಹಳೆ ಆಯಿಲ್ ಸವರಿ ಬಿಳಿ ಹಾಳೆಯ ಮೇಲೆ ಒಂದು ಸುತ್ತು ಉರುಳಿಸು, ಗೆರೆ ಬೀಳುತ್ತದೆ, ಪೆನ್ನಿಟ್ಟು ಎಣಿಸು. ಹಾಳೆಯ ಮೇಲೆಯೇ ಕಾರಿನ ಹೆಸರು, ವರ್ಷ ಬರೆದು ಫೈಲಿನಲ್ಲಿಡು. ಹತ್ತು ಕಾರು ಆಗುವ ಹೊತ್ತಿಗೆ ಬೆಂಗಳೂರಿನಲ್ಲಿ ಯಾರ ಹತ್ತಿರವೂ ಇಲ್ಲದ ಪುಸ್ತಕ ನಿನ್ನ ಹತ್ತಿರ ಇರುತ್ತದೆ.

ಎಣಿಸಿದ ಸಂಖ್ಯೆ ಇನ್ನೊಂದು ಕೆಲಸಕ್ಕೂ ಬರುತ್ತದೆ. 36 ಹಲ್ಲಿದ್ದರೆ ಒಂದು ಹಲ್ಲು ತಪ್ಪಿಸಿ ಕೂರಿಸಿದಾಗ ಚಕ್ರ ಹತ್ತು ಡಿಗ್ರಿ ಓರೆಯಾಗುತ್ತದೆ, 30 ಇದ್ದರೆ ಹನ್ನೆರಡು. ಓರೆಯಾದ ಚಕ್ರ ನೋಡಿ ಹುಡುಗರು ಏನು ಮಾಡುತ್ತಾರೆ? ಟೈರಾಡ್ ತಿರುಗಿಸಿ ನೇರ ಮಾಡುತ್ತಾರೆ. ಚಕ್ರ ನೇರ ಕಾಣುತ್ತದೆ, ಒಳಗೆ ಬಾಕ್ಸು ಮಾತ್ರ ಮಧ್ಯ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಈ ಬಾಕ್ಸುಗಳಲ್ಲಿ ಹಲ್ಲು ಅತಿ ಬಿಗಿಯಾಗಿ ಕೂಡುವುದು ನಟ್ಟ ನಡುವೆ. ಪಕ್ಕಕ್ಕೆ ಹೋದಷ್ಟೂ ಸಡಿಲ. ನೇರ ರಸ್ತೆಯಲ್ಲಿ ಗಾಡಿ ತೇಲಾಡುತ್ತದೆ, ಓನರ್ ಬಂದು ಬೈಯುತ್ತಾನೆ, ನೀನು ಟೈರಿನ ಮೇಲೆ ತಪ್ಪು ಹೊರಿಸುತ್ತೀಯ. ಬಿಚ್ಚುವ ಮುಂಚೆ ಷಾಫ್ಟಿಗೂ ಜಾಯಿಂಟಿಗೂ ಪಂಚ್ ಗುರುತು ಹಾಕಿದ್ದರೆ ಈ ರಾಮಾಯಣವೇ ಇಲ್ಲ.

30 ಹಲ್ಲಿನದು 36ರದಕ್ಕೆ ಹೋಗುವುದಿಲ್ಲ ಅಂತ ಪುಸ್ತಕ ಹೇಳುತ್ತದೆ. ಸವೆದ ಹಲ್ಲು, ಸುತ್ತಿಗೆ, ಸ್ವಲ್ಪ ಅರ ಇದ್ದರೆ ಹೋಗುತ್ತದೆ ಅಂತ ನನಗೆ ಗೊತ್ತು, ನಿನಗೂ ಗೊತ್ತು. ನಮ್ಮೂರ ಗುಡ್ಡದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದಾಗ ಹೊಸಶಿಲಾಯುಗದ ಜನರ ನೆಲೆಯೇ ಸಿಕ್ಕಿತು. ಕಲ್ಲನ್ನು ಉಜ್ಜಿ ಉಜ್ಜಿ ಕೊಡಲಿ ಮಾಡಿದವರ ಊರು ನಮ್ಮದು, ಉಜ್ಜುವುದು ರಕ್ತದಲ್ಲೇ ಇದೆ. ಸ್ಪ್ಲೈನ್ ಹಲ್ಲಿನ ಮೇಲೆ ಮಾತ್ರ ಆ ಪ್ರತಿಭೆ ತೋರಿಸಬೇಡ. ಅರ ತಾಗಿದ ಹಲ್ಲು ಅರ್ಧ ಮುಖದಲ್ಲಷ್ಟೇ ಹಿಡಿದಿರುತ್ತದೆ. ವರ್ಕ್‌ಷಾಪಿನ ಅಂಗಳದಲ್ಲಿ ಗಟ್ಟಿ. ಮುಂದಿನ ಟೈರು ಗುಂಡಿಗೆ ಬಿದ್ದು ಒದ್ದಾಗ, ಇಲ್ಲವೇ ನಿಂತಲ್ಲೇ ಚಕ್ರ ತಿರುಗಿಸಿದಾಗ, ಒಂದೊಂದೇ ತಲೆ ಹಾರಿಸಿಕೊಂಡು ಹೋಗುತ್ತದೆ.

ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕು ಹೋದರೆ ಗೇರಿದೆ, ಹ್ಯಾಂಡ್‌ಬ್ರೇಕಿದೆ. ಷಾಫ್ಟು ಜಾರಿದರೆ ಗಾಡಿ ಓಡುತ್ತಲೇ ಇರುತ್ತದೆ, ಎಲ್ಲಿಗೆ ಅಂತ ಡ್ರೈವರನಿಗೆ ಗೊತ್ತಿರುವುದಿಲ್ಲ. ಸಿರುಗುಪ್ಪ ರಸ್ತೆಯಲ್ಲಿ ಎದುರಿಗೆ ಭತ್ತದ ಲಾರಿ, ಪಕ್ಕದಲ್ಲಿ ಕಾಲುವೆ ಇರುವಾಗ ಅದನ್ನು ನೆನೆಸಿಕೋ.

ಕ್ಲಾಂಪ್ ಬೋಲ್ಟಿನ ಬಗ್ಗೆ ಒಂದು ಮಾತು. ಜಾಯಿಂಟಿನ ಬಾಯಿ ಬಿಗಿಯುವ ಬೋಲ್ಟು ಸುಮ್ಮನೆ ಪಕ್ಕದಲ್ಲಿ ಹಾದುಹೋಗುವುದಿಲ್ಲ, ಷಾಫ್ಟಿನಲ್ಲಿ ಕೊರೆದ ಕಾಲುವೆಯೊಳಗೆ ಹಾದುಹೋಗುತ್ತದೆ. ಬೋಲ್ಟು ಸಡಿಲಾದರೂ ಷಾಫ್ಟು ಈಚೆ ಬರಬಾರದು ಅನ್ನುವುದಕ್ಕೆ ಆ ಏರ್ಪಾಟು. ಬೋಲ್ಟು ಸಲೀಸಾಗಿ ಹೋಗದಿದ್ದರೆ ಷಾಫ್ಟು ಪೂರ್ತಿ ಒಳಗೆ ಕೂತಿಲ್ಲ ಅಂತ ಅರ್ಥ. ಅಲ್ಲಿ ಕೆಲವರು ತೆಳ್ಳಗಿನ ಬೋಲ್ಟು ಹುಡುಕುತ್ತಾರೆ. ನೀನು ಷಾಫ್ಟನ್ನು ಒಳಗೆ ಕೂರಿಸು.

ರಬ್ಬರ್ ಬಿಲ್ಲೆಗೆ ಬರುತ್ತೇನೆ. ನಮ್ಮ ಕಡೆಯವರಿಗೆ ಇದನ್ನು ತಾವೇ ಕತ್ತರಿಸಿ ಮಾಡುವ ಆಸೆ ಹೆಚ್ಚು, ಯಾಕೆಂದರೆ ಸಾಮಾನು ಕೈಗೆಟುಕುವಂತೆ ಬಿದ್ದಿದೆ. ಬಿಲ್ಲೆ ಅಂದರೆ ರಬ್ಬರಿನೊಳಗೆ ಕ್ಯಾನ್ವಾಸ್ ಪದರ ಇಟ್ಟು ಮಾಡಿದ್ದು. ರೈಸ್ ಮಿಲ್ಲಿನ ಹಳೇ ಪಟ್ಟೆಯೂ ನೋಡಲಿಕ್ಕೆ ಹಾಗೇ ಇರುತ್ತದೆ. ವೃತ್ತ ಕತ್ತರಿಸಿ ನಾಲ್ಕು ತೂತು ಹೊಡೆದರೆ ಅಚ್ಚು ಅದೇ. ಆದರೆ ಮಿಲ್ಲಿನ ಪಟ್ಟೆ ಉದ್ದಕ್ಕೆ ಎಳೆತ ತಡೆಯಲು ಮಾಡಿದ್ದು, ಬೋಲ್ಟಿನ ತೂತಿನ ಸುತ್ತ ಹಿಂಡುವುದನ್ನು ತಡೆಯಲು ಅಲ್ಲ. ವಿ-8 ಇಂಜಿನಿನ ಸೈಲೆನ್ಸರ್ ಪೈಪು ಆ ಬಿಲ್ಲೆಯ ಪಕ್ಕದಲ್ಲೇ ಹಾದು ಹೋಗುತ್ತದೆ, ಕಂಪನಿಯ ಬಿಲ್ಲೆಯೇ ಆ ಬಿಸಿಗೆ ಬೆಂದು ಬಿರಿಯುತ್ತದೆ, ಇದು ಎಷ್ಟು ದಿನ? ಕಂಪನಿಯ ಜಾಯಿಂಟಿನಲ್ಲಿ ಎರಡು ಉಕ್ಕಿನ ಪಿನ್ನುಗಳಿರುತ್ತವೆ, ನೋಡಿದರೆ ಕೆಲಸವಿಲ್ಲದವುಗಳ ಹಾಗೆ ಕಾಣುತ್ತವೆ. ಬಿಲ್ಲೆ ಹರಿದರೂ ಆ ಪಿನ್ನುಗಳು ಎದುರಿನ ಲೋಹಕ್ಕೆ ತಗುಲಿ ಚಕ್ರದ ತಿರುವನ್ನು ಕೆಳಗೆ ದಾಟಿಸುತ್ತವೆ, ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಬಹುದು. ಅಡ್ಡ ಬರುತ್ತಿದೆ ಅಂತ ಅವನ್ನು ಕತ್ತರಿಸಬೇಡ.

ಬಿಲ್ಲೆ ಯಾಕೆ ಬೇಕು, ಉಕ್ಕಿನ ಕ್ರಾಸ್ ಜಾಯಿಂಟ್ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಅಂತ ಕೇಳಬಹುದು. ಶೆವೆಲ್, ಜಿಟಿಒ ಥರದ ಕಾರಿನಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಸ್ಟೇರಿಂಗ್ ಬಾಕ್ಸು ಚಾಸಿಗೆ, ಕಾಲಮ್ಮು ಬಾಡಿಗೆ. ಎರಡೂ ಓಡುವಾಗ ತಮ್ಮ ತಮ್ಮಷ್ಟಕ್ಕೆ ಅಲುಗುತ್ತವೆ, ಆ ಅಲುಗಾಟ ನುಂಗುವುದು ಬಿಲ್ಲೆಯ ಕೆಲಸ. ಜೀಪಿನಲ್ಲೂ ನಾನು ನಿನಗೆ ಹೇಳುತ್ತಿದ್ದೆನಲ್ಲ, ಮೊದಲು ಬಾಕ್ಸು ಚಾಸಿಗೆ ಬಿಗಿ, ಕಾಲಮ್ಮು ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಡ್ಯಾಷಿನ ಬ್ರಾಕೆಟ್ಟನ್ನು ಸರಿಸಿ ಆಮೇಲೆ ಬಿಗಿ ಅಂತ. ಅದೇ ತತ್ವ ಇಲ್ಲಿಯೂ.

ಬಿಲ್ಲೆ ಬದಲಿಸಿದ ಮೇಲೆ ಹಾರ್ನ್ ಬಾರದಿದ್ದರೆ ಹಾರ್ನು ಬಿಚ್ಚಬೇಡ. ಷಾಫ್ಟಿಗೆ ಅರ್ಥಿಂಗ್ ಬರುವುದು ಬಾಕ್ಸಿನ ಕಡೆಯಿಂದ, ನಡುವೆ ರಬ್ಬರು ಬಂದು ಕೂತಿದೆ. ಹಳೇ ಬಿಲ್ಲೆಯ ಮೇಲೆ ತಾಮ್ರದ ಜಾಲರಿಯೋ ಪಟ್ಟಿಯೋ ಇರುತ್ತದೆ, ನೀನು ಅದನ್ನು ಕಸದ ಬುಟ್ಟಿಗೆ ಹಾಕಿರುತ್ತೀಯ.

ಕ್ರಾಸ್ ಹಾಕಲೇಬೇಕಾದ ಕಾರುಗಳೂ ಬರುತ್ತವೆ, ಬೇರೆ ಇಂಜಿನು ಕೂರಿಸಿದ್ದಾಗ. ಎರಡು ಕ್ರಾಸಿನ ಫೋರ್ಕುಗಳು ಒಂದೇ ಸಾಲಿನಲ್ಲಿರಬೇಕು. ಒಂದು ಕ್ರಾಸು ಓರೆಯಲ್ಲಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. ಇನ್ನೊಂದು ಅದನ್ನು ಸರಿದೂಗಿಸಬೇಕು. ಫೋರ್ಕು ತಪ್ಪಿಸಿ ಕೂರಿಸಿದರೆ ಸರಿದೂಗಿಸುವ ಬದಲು ಹೆಚ್ಚು ಮಾಡುತ್ತದೆ, ಚಕ್ರ ಒಮ್ಮೆ ಹಗುರ, ಒಮ್ಮೆ ಭಾರ ಅನಿಸುತ್ತದೆ. ನಮ್ಮ ತಾಲೂಕಿನಲ್ಲಿ ಜೀಪಿಗೆ ಬೇರೆ ಗಾಡಿಯ ಪವರ್ ಬಾಕ್ಸ್ ಹಾಕಿಸಿಕೊಂಡು "ತಿರುವಿನಲ್ಲಿ ಹಿಡಿಯುತ್ತೆ ಮೇಸ್ತ್ರಿ" ಅಂತ ಬರುವವರಲ್ಲಿ ಬಹಳ ಜನರದು ಇದೇ ಕಾಯಿಲೆ. ಷಾಫ್ಟಿನ ತುದಿ ಕ್ರಾಸಿನ ಹೊಟ್ಟೆಯೊಳಗೆ ಚಾಚಿರಬಾರದು. ಮೂರನೇ ಕ್ರಾಸು ಬಂದರೆ ನಡುವೆ ಬೇರಿಂಗ್ ಆಸರೆ ಬೇಕೇ ಬೇಕು. ಎಲ್ಲ ಬಿಗಿದ ಮೇಲೆ ಒಬ್ಬನನ್ನು ಕೂರಿಸಿ ಆಕ್ಸಿಲೇಟರ್ ಒತ್ತಿಸು, ನೀನು ಬಗ್ಗಿ ನೋಡು. ಆ ದೊಡ್ಡ ಇಂಜಿನು ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ. ನಿಂತಾಗ ಬೆರಳು ತೂರುವಷ್ಟು ಸಂದಿ ಇದ್ದ ಪೈಪು ಆಗ ಷಾಫ್ಟಿಗೆ ತಾಗುತ್ತದೋ ಇಲ್ಲವೋ ನೋಡಿಕೋ.

ಚಕ್ರ ಕೀಳಲು ಪುಲ್ಲರ್ ಬಳಸು. ಷಾಫ್ಟಿನ ತಲೆಗೆ ಸುತ್ತಿಗೆ ಹೊಡೆಯುವುದು ಜೀಪಿನಲ್ಲಿ ನಡೆಯಿತು, ಅದು ಒಂದೇ ತುಂಡು. ಕುಸಿಯುವ ಕಾಲಮ್ಮಿಗೆ ಹೊಡೆದರೆ ಒಳಗಿನ ಪ್ಲಾಸ್ಟಿಕ್ ಗೂಟ ಅಲ್ಲೇ ಕತ್ತರಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗುಜರಿಯಿಂದ ಕಾಲಮ್ ತಂದರೂ ಇದೇ ಎಚ್ಚರ. ಕೈಯಲ್ಲಿ ಹಿಡಿದು ಉದ್ದುದ್ದಕ್ಕೆ ಎಳೆದು ತಳ್ಳಿ ನೋಡು, ಸಡಿಲವಾಗಿ ಜಾರಿದರೆ ಅದು ಒಮ್ಮೆ ಗುದ್ದಿದ ಗಾಡಿಯದೋ, ಒಮ್ಮೆ ಹೊಡೆಸಿಕೊಂಡದ್ದೋ.

ವರ್ಷದ ವಿಷಯದಲ್ಲಿ ಆರ್‌ಸಿ ಬುಕ್ ನಂಬಬೇಡ. ಅಮೆರಿಕದಲ್ಲಿ ಮುಂದಿನ ವರ್ಷದ ಮಾಡೆಲ್ ಹಿಂದಿನ ವರ್ಷದ ಸೆಪ್ಟೆಂಬರಿಗೇ ಅಂಗಡಿಗೆ ಬರುತ್ತಿತ್ತು. ಕಮಾರೊ 1967ರ ಮಾಡೆಲ್, ಮಾರಾಟಕ್ಕೆ ಬಂದದ್ದು 1966ರ ಸೆಪ್ಟೆಂಬರ್‌ನಲ್ಲಿ. ಚಾಸಿ ನಂಬರ್ ಓದು. ಆ ಕಾಲದ ಮಸ್ಟಾಂಗ್‌ನಲ್ಲಿ ಮೊದಲ ಅಂಕಿಯೇ ಮಾಡೆಲ್ ವರ್ಷ, 5 ಇದ್ದರೆ 1965, 8 ಇದ್ದರೆ 1968. ಕಮಾರೊ, ಶೆವೆಲ್‌ಗಳಲ್ಲಿ ಆರನೇ ಅಂಕಿ. ಒಂದು ವರ್ಷದಲ್ಲಿ ಏನು ಮಹಾ ಅನ್ನಬೇಡ. ಜನರಲ್ ಮೋಟರ್ಸ್ 1969ರ ಮಾಡೆಲ್‌ಗೆ ಇಗ್ನಿಷನ್ ಕೀಯನ್ನು ಡ್ಯಾಷ್‌ನಿಂದ ಕಾಲಮ್ಮಿಗೆ ತಂದು ಸ್ಟೇರಿಂಗ್ ಲಾಕ್ ಸೇರಿಸಿತು. 68ರ ಕಮಾರೊಗೆ 69ರ ಕಾಲಮ್ ತರಿಸಿದರೆ ಷಾಫ್ಟಿನ ಜೊತೆಗೆ ವೈರಿಂಗೂ ನಿನ್ನ ಕುತ್ತಿಗೆಗೆ ಬರುತ್ತದೆ. ಅದರಲ್ಲೂ ಗೇರ್ ಕಾಲಮ್ಮಿನಲ್ಲಿದೆಯೋ ನೆಲದಲ್ಲಿದೆಯೋ, ಚಕ್ರ ಮೇಲೆ ಕೆಳಗೆ ಬಾಗುವ ಟಿಲ್ಟ್ ಇದೆಯೋ ಇಲ್ಲವೋ, ಎಲ್ಲ ಬರೆದುಕೊಂಡೇ ಆರ್ಡರ್ ಕೊಡು.

ಕಾನೂನಿನ ಮಾತೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿತು, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಮಾರ್ಪಡಿಸಿರಬಾರದು. ನಿನ್ನ ಓನರಿಗೆ ಆ ನಂಬರ್ ಬೇಕಿದ್ದರೆ ಎಡಗಡೆಯ ಸ್ಟೇರಿಂಗನ್ನು ಬಲಗಡೆಗೆ ತರುವ ಯೋಚನೆಯನ್ನು ಅವನ ತಲೆಯಿಂದ ತೆಗೆಸು. ಷಾಫ್ಟು, ಬಾಕ್ಸು, ಲಿಂಕೇಜು, ಡ್ಯಾಷು, ಪೆಡಲ್ಲು ಎಲ್ಲ ತಿರುವುಮುರುವು ಆಗುತ್ತವೆ, ಅಷ್ಟಾದ ಮೇಲೆ ಅದು ಅವನು ಕೊಂಡ ಕಾರೇ ಅಲ್ಲ. ಮೂಲ ರೂಪದ ಹಳೇ ಕಾರುಗಳನ್ನು ನೋಡಬೇಕಿದ್ದರೆ ಬಿಡುವಿದ್ದ ದಿನ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರು ಮ್ಯೂಸಿಯಮ್ಮಿಗೋ, ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿಗೋ ಹೋಗಿ ಬಾ. ಎಲ್ಲರೂ ಬಾಡಿಯ ಹೊಳಪಿನ ಎದುರು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ನೀನು ಬಗ್ಗಿ ಕಾಲಮ್ಮು ಎಲ್ಲಿ ಇಳಿಯುತ್ತದೆ, ಬಾಕ್ಸು ಆಕ್ಸಲಿನ ಮುಂದಿದೆಯೋ ಹಿಂದಿದೆಯೋ ನೋಡು.

ಇಲ್ಲಿ ಸುಗ್ಗಿ ಶುರುವಾಗಿದೆ, ಭತ್ತ ಕೊಯ್ಯುವ ಮಿಷನ್ನುಗಳು ಸಾಲು ನಿಂತಿವೆ. ಅವುಗಳಲ್ಲಿ ಷಾಫ್ಟು ಟೈರನ್ನು ಮುಟ್ಟುವುದೇ ಇಲ್ಲ, ಒಂದು ಆಯಿಲ್ ವಾಲ್ವನ್ನು ತಿರುಗಿಸುತ್ತದೆ ಅಷ್ಟೇ, ಉಳಿದದ್ದು ಹೋಸ್ ಪೈಪಿನ ಕೆಲಸ, ತಿರುಗುವುದೂ ಹಿಂದಿನ ಚಕ್ರ. ನಿನ್ನ ತಮ್ಮ ಅದನ್ನೇ ಕಲಿತು, ಸ್ಟೇರಿಂಗ್ ಅಂದರೆ ಇಷ್ಟೇ ಅಂದುಕೊಂಡಿದ್ದಾನೆ. ಅವನನ್ನು ನಾಲ್ಕು ದಿನ ನಿನ್ನ ಹತ್ತಿರ ಕಳಿಸುತ್ತೇನೆ, ಹಲ್ಲು ಎಣಿಸುವುದು ಕಲಿಸು.

ಇನ್ನು ಓನರಿನ ಅವಸರ. ಮ್ಯಾನ್ಯುವಲ್ ಚಾರ್ಜರ್ ಷಾಫ್ಟು ಅಮೆರಿಕದಿಂದ ಬರಬೇಕು, ಕಸ್ಟಮ್ಸ್ ಕಟ್ಟಬೇಕು, ಅದಕ್ಕೆ ಹಿಡಿಯುವಷ್ಟು ದಿನ ಹಿಡಿಯುತ್ತದೆ. ಅದನ್ನು ಬಾಯಿಮಾತಿನಲ್ಲಿ ಹೇಳಬೇಡ, ಎಸ್ಟಿಮೇಟಿನಲ್ಲಿ ಬರೆದು ಸಹಿ ಹಾಕಿಸಿಕೋ. ಎರಡೂ ಷಾಫ್ಟನ್ನು ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ಅವನ ಕೈಗೇ ಅಳತೆ ಪಟ್ಟಿ ಕೊಡು. ಅಷ್ಟಾದರೂ ವೆಲ್ಡ್ ಮಾಡು ಅಂದರೆ ಗಾಡಿ ವಾಪಸ್ಸು ಕೊಟ್ಟುಬಿಡು, ನಿನ್ನ ಶೆಡ್ಡಿನ ಬಾಡಿಗೆ ನಾನು ಒಂದು ತಿಂಗಳು ನೋಡಿಕೊಳ್ಳುತ್ತೇನೆ. ಆರ್ಡರ್ ಕೊಡುವ ಮುಂಚೆ ಬಟ್ಟಲಿನ ಶೂ ಬಿಚ್ಚಿ ಫೋಟೋ ಹಾಕು. ಹಳೆಯ ಷಾಫ್ಟೇ ಸರಿಯಿದ್ದು, ಬರೀ ಶೂ ಬದಲಿಸಿದರೆ ಮುಗಿಯುವ ಕೆಲಸ ಇದಾಗಿರಬಹುದು.